ಶೆಟ್ಟರ ವಾಸನೆ ಕಳುವಾದ ಪ್ರಕರಣ

2011ರ ನವೆಂಬರ್ 23, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ನೆರೂಳದ ಠಾಣೆಗೆ ಒಂದು ದೂರು ಬಂತು. ಆ ಹೊತ್ತಿಗೆ ಸಬ್ ಇನ್‌ಸ್ಪೆಕ್ಟರ್ ಮಾಪಣ್ಣ ಬಿರಾಜದಾರ ನೆಗಡಿಯಿಂದ ಕಟ್ಟಿದ ಮೂಗನ್ನು ಚಹಾದ ಲೋಟದ ಮೇಲೆ ಹಿಡಿದುಕೊಂಡು ಕೂತಿದ್ದ. ಚಹಾಕ್ಕೆ ಶುಂಠಿ ಹಾಕಿದ್ದಾರೋ ಸೀಮೆಎಣ್ಣೆ ಹಾಕಿದ್ದಾರೋ ಅವನಿಗೆ ತಿಳಿಯುವಂತಿರಲಿಲ್ಲ.

ದೂರು ತಂದವರು ಹೋಟೆಲ್ ಪಂಚಾಮೃತದ ಮಾಲೀಕರಾದ ಸರ್ವೋತ್ತಮ ಶೆಟ್ಟರು. ಜೊತೆಗೆ ಹೆಂಡತಿ ಜಯಲತಾ. ಉಡುಪಿ ಕಡೆಯವರು, ಮೂವತ್ತು ವರ್ಷದಿಂದ ನೆರೂಳದ ಸೆಕ್ಟರುಗಳಿಗೆ ಇಡ್ಲಿ ತಿನ್ನಿಸಿ ಬದುಕಿದವರು. ಪೊಲೀಸರ ಮುಂದೆ ಹಿಂದಿಯಲ್ಲೇ ಮಾತಾಡಬೇಕು ಎಂಬುದು ಶೆಟ್ಟರ ನಂಬಿಕೆ. ಹವಾಲ್ದಾರ ಠೋಂಬ್ರೆಯ ಮೇಜಿನ ಮುಂದೆ ಕೂತು, ಕೈಮುಗಿದು, ಅವರು ಹೇಳಿದರು: "ಸಾಬ್, ಹಮಾರಾ ವಾಸನಾ ಚೋರಿ ಹೋ ಗಯಾ."

ಠೋಂಬ್ರೆ ಪೆನ್ನು ಕೆಳಗಿಟ್ಟ. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ, ಶೆಟ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರುಕದ ದನಿಯಲ್ಲಿ, "ಕಬ್ ಸೇ?" ಎಂದು ಕೇಳಿದ. ಯಾವಾಗಿನಿಂದ, ಎಂದು.

"ಆಜ್ ಸುಬಹ್ ಸೇ. ಕಲ್ ರಾತ್ ತಕ್ ಬರಾಬರ್ ಥಾ." ಇವತ್ತು ಬೆಳಿಗ್ಗೆಯಿಂದ, ನಿನ್ನೆ ರಾತ್ರಿಯವರೆಗೆ ಸರಿಯಾಗಿಯೇ ಇತ್ತು, ಎಂದು.

ಠಾಣೆಯಲ್ಲಿ ಮೊದಲು ನಕ್ಕವಳು ಕಾನ್‌ಸ್ಟೇಬಲ್ ಪ್ರಭಾ. ಆಮೇಲೆ ವೈರ್‌ಲೆಸ್ ಕೋಣೆಯವನು. ಕೊನೆಗೆ ಲಾಕಪ್ಪಿನೊಳಗಿದ್ದ ಮೊಬೈಲು ಕಳ್ಳನೂ ಗೋಡೆಗೆ ಮುಖ ತಿರುಗಿಸಿಕೊಂಡು ನಕ್ಕ. ಮಾಪಣ್ಣನೂ ನಕ್ಕ; ನಕ್ಕದ್ದಕ್ಕೆ ನಾಲ್ಕು ಸೀನು ಬಂದವು. ಯಾಕೆ ನಗು ಎಂಬುದು ಶೆಟ್ಟರಿಗೆ ಮಾತ್ರ ತಿಳಿಯಲಿಲ್ಲ. ಕನ್ನಡದಲ್ಲಿ ವಾಸನೆ ಎಂದರೆ ಮೂಗಿನ ವಿಷಯ. ಮರಾಠಿ, ಹಿಂದಿಯಲ್ಲಿ ವಾಸನಾ ಎಂದರೆ ಕಾಮ. ಮೂಗಿನದಕ್ಕೆ ಮರಾಠಿಯವರು ಬರೀ ವಾಸ ಎಂದು ಎರಡಕ್ಷರದಲ್ಲಿ ಮುಗಿಸುತ್ತಾರೆ. ಮಾಪಣ್ಣ ಗಡಿಯ ಅಕ್ಕಲಕೋಟೆ ತಾಲೂಕಿನವನು. ಮನೆಯಲ್ಲಿ ಕನ್ನಡ, ನೌಕರಿಯಲ್ಲಿ ಮರಾಠಿ. ಮರಾಠಿಯವರು ಅವನನ್ನು ಕಾನಡಿ, ಅಂದರೆ ಕನ್ನಡದವನು, ಎನ್ನುತ್ತಿದ್ದರು, ಇಲ್ಲಿನ ಕನ್ನಡಿಗರು ಮರಾಠಿ ಪೊಲೀಸ್ ಎನ್ನುತ್ತಿದ್ದರು. ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು ಎಂದು ಅವನಿಗೆ ಒಳಗೊಳಗೇ ಜಂಬ.

"ಶೆಟ್ರ, ಇತ್ತ ಬರ್ರಿ. ಕನ್ನಡದಾಗ ಹೇಳ್ರಿ. ಏನ್ ಹೋಗ್ಯದ?"

"ಚಿತ್ರ ಮಾರಾಯ್ರೆ. ಪೇಂಟಿಂಗ್. ನಮ್ಮ ಏಸಿ ಹಾಲಿನಲ್ಲಿ ಪಂಚೇಂದ್ರಿಯದ್ದು ಐದು ಚಿತ್ರ ಹಾಕಿಸಿದ್ದು. ಅದರಲ್ಲಿ ವಾಸನೆ ಹೋಯ್ತು."

"ಮರಾಠಿಯೊಳಗ ಹಂಗ ಅನಬ್ಯಾಡ್ರಿ. ವಾಸ ಅನ್ರಿ."

"ಎಂತ ವ್ಯತ್ಯಾಸ?"

ಮಾಪಣ್ಣ ಜಯಲತಾ ಕಡೆ ನೋಡಿದ. ಐವತ್ತು ದಾಟಿದ ಹೆಂಗಸು, ಜಡೆಗೆ ಒಂದು ಮೊಳ ಮಲ್ಲಿಗೆ. ಅಂಥವರ ಎದುರಿಗೆ ವ್ಯತ್ಯಾಸ ಬಿಡಿಸಿ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. "ವ್ಯಾಕರಣದ್ದರಿ. ಬಿಡ್ರಿ," ಎಂದ.

ಎಫ್‌ಐಆರ್ ಬರೆಸಿದ. ಭಾರತೀಯ ದಂಡ ಸಂಹಿತೆ ಕಲಂ 380, ಕಟ್ಟಡದೊಳಗಿನ ಕಳವು. ಮಾಲಿನ ವಿವರ: ಮೂರಡಿ ಉದ್ದ, ಎರಡಡಿ ಅಗಲ, ತೈಲವರ್ಣ, ಹೂ ಮೂಸುತ್ತಿರುವ ಸ್ತ್ರೀ, ಕಾಲಬಳಿ ನಾಯಿ, ಚಿತ್ರದ ಹೆಸರು 'ವಾಸ'. ಹೆಸರನ್ನು ಶುದ್ಧ ಮರಾಠಿಗೆ ತಿದ್ದಿದವನು ಮಾಪಣ್ಣನೇ. ಮುಂದೆ ತಲೆ ಚಚ್ಚಿಕೊಳ್ಳುವುದಕ್ಕೆ ಕಾರಣವಾದ ತಿದ್ದುಪಡಿ ಅದು.

"ಚಿತ್ರದಾಗಿನ ಹೆಣ್ಮಗಳು ಯಾರ್ರಿ?"

"ನಾನೇ," ಎಂದರು ಜಯಲತಾ. "ಸಾರ್, ಅದು ಹೇಗಿತ್ತೋ ಹಾಗೇ ಸಿಗ್ಬೇಕು ನಂಗೆ. ಹೂ, ನಾಯಿ, ಅಕ್ಷರ, ಎಲ್ಲ ಸಮೇತ."

"ಆದಿತ್ಯವಾರದ ಒಳಗೆ ಸಿಗ್ಬೇಕು," ಎಂದು ಶೆಟ್ಟರು ಸೇರಿಸಿದರು. "ಮಗಳು ದಿಶಾಳ ನಿಶ್ಚಿತಾರ್ಥ ಅದೇ ಹಾಲಿನಲ್ಲಿ. ಗಂಡಿನ ಕಡೆಯವರು ಡೊಂಬಿವಲಿಯ ಪರಾಂಜಪೆಗಳು. ಹುಡುಗನ ಅಜ್ಜಿ ರಿಟೈರ್ಡ್ ಮರಾಠಿ ಟೀಚರ್. ಎಲ್ಲಿ ಹೋದರೂ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿ ಕಾಗುಣಿತ ತಿದ್ದುದು ಅವರಿಗೆ ಚಟ. ಪಂಚೇಂದ್ರಿಯದಲ್ಲಿ ನಾಲ್ಕೇ ಉಂಟಲ್ಲ ಅಂತ ಕೇಳಿದ್ರೆ ನಾನು ಎಂತ ಹೇಳುದು?"

ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಒಬ್ಬ ರಿಕ್ಷಾದವನು, ಒಬ್ಬ ಹೂ ಮಾರುವವನು. ಏಸಿ ಹಾಲಿನ ಗೋಡೆಯಲ್ಲಿ ನಾಲ್ಕು ಚಿತ್ರ, ಒಂದು ಖಾಲಿ ಮೊಳೆ. ಕನ್ನಡಿ ಹಿಡಿದ ಹೆಂಗಸಿನ ಪಕ್ಕ ಹದ್ದು. ವೀಣೆ ಹಿಡಿದವಳ ಪಕ್ಕ ಜಿಂಕೆ. ಹಣ್ಣಿನ ಬುಟ್ಟಿಯವಳ ಪಕ್ಕ ಕೋತಿ. ಗಿಳಿಯಿಂದ ಬೆರಳು ಕಚ್ಚಿಸಿಕೊಂಡು ಮುಖ ಹಿಂಡಿದವಳ ಪಕ್ಕ ಆಮೆ. ನಾಲ್ವರಿಗೂ ರೇಷ್ಮೆಯ ನಿರಿಗೆ, ಹಿಂದೆ ಗಾಢ ಕತ್ತಲೆ, ಮುಖಕ್ಕೆ ಮಾತ್ರ ದೀಪದ ಬೆಳಕು. ಒಬ್ಬೊಬ್ಬರ ಕಾಲಬಳಿ ಹಳದಿ ಬಣ್ಣದಲ್ಲಿ, ಚಿತ್ರದ ಮೇಲೆಯೇ, ಅಂಗೈ ಗಾತ್ರದ ನಾಗರಿ ಅಕ್ಷರ: ದೃಷ್ಟಿ, ಶಬ್ದ, ರುಚಿ, ಸ್ಪರ್ಶ. ಐದನೆಯದು 'ವಾಸ' ಎಂದೇ ಇದ್ದಿರಬೇಕು ಎಂದು ಮಾಪಣ್ಣ ತಿಳಿದುಕೊಂಡ. ಬೇರೆ ತಿಳಿಯಲು ಅವನಿಗೆ ಕಾರಣವಿರಲಿಲ್ಲ.

ಬೀಗ ಒಡೆದಿರಲಿಲ್ಲ. ಹಾಲಿನ ಕೀಲಿ ಅಡುಗೆಮನೆಯ ಗೂಟದಲ್ಲಿ ಎಲ್ಲರ ಕೈಗೆಟುಕುವಂತಿತ್ತು. ಸಿಸಿಟಿವಿ ಇತ್ತು, ಆದರೆ ಅದರ ಕಣ್ಣು ಶೆಟ್ಟರು ದುಡ್ಡೆಣಿಸಲು ಕೂರುವ ಗಲ್ಲೆಯ ಮೇಲೆ. ಇಡೀ ರಾತ್ರಿಯ ರೆಕಾರ್ಡಿಂಗಿನಲ್ಲಿ ಗಲ್ಲೆಯ ಮೇಲೊಂದು ಜಿರಳೆ ಎರಡು ಸಲ ಹೋಗಿ ಬಂದದ್ದು ಬಿಟ್ಟರೆ ಏನೂ ಇರಲಿಲ್ಲ.

ಮೂರು ಗಂಟೆಗೆ ಪೊಲೀಸ್ ನಾಯಿ ಬಂತು. ಹೆಸರು ಹೀರಾ. ಖಾಲಿ ಮೊಳೆಯ ಕೆಳಗಿನ ಗೋಡೆ ಮೂಸಿತು. ಅಡುಗೆಮನೆಗೆ ಹೋಗಿ ಕೀಲಿಯ ಗೂಟ ಮೂಸಿತು. ಹಿಂದಿರುಗಿ ಬಂದು, ಬಾಗಿಲಲ್ಲಿ ನಿಂತಿದ್ದ ಶೆಟ್ಟರ ಮಗಳು ದಿಶಾಳ ಎದುರಿಗೆ ಕೂತು ಬಾಲ ಅಲ್ಲಾಡಿಸಿತು. ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗಿ, ಅಂದು ರಜೆ ಹಾಕಿದ್ದಳು. ಮುಖ ಸುಣ್ಣದಂತಾಯಿತು.

"ಹೆದರಬೇಡಿ," ಎಂದ ನಾಯಿಯವನು. "ಬೆಳಿಗ್ಗೆಯಿಂದ ಹೊಟ್ಟೆಗಿಲ್ಲ. ನಿಮ್ಮ ಕೈಯಲ್ಲಿ ತುಪ್ಪದ ವಾಸನೆ ಇರಬೇಕು."

ಎಲ್ಲರಿಗೂ ಹೌದೆನ್ನಿಸಿತು. ದಿಶಾ ಓಡಿಹೋಗಿ ತುಪ್ಪದ ದೋಸೆ ತಂದು ಹಾಕಿದಳು. ಹೀರಾ ತಿಂದು ಜೀಪು ಹತ್ತಿತು. ಆ ದಿನ ಆ ಹೋಟೆಲಿನಲ್ಲಿ ತನ್ನ ಕೆಲಸವನ್ನು ನೆಟ್ಟಗೆ ಮಾಡಿದ ಏಕೈಕ ಸರ್ಕಾರಿ ನೌಕರ ಅದೇ ಎಂಬುದು ಆಮೇಲೆ ಗೊತ್ತಾಯಿತು.

ಗುರುವಾರ ಸಂಶಯ ಬೇಲಾಪುರದ ಭಾಗೀರಥಿಯ ಮೇಲೆ ಹೋಯಿತು. ಐದು ಚಿತ್ರಕ್ಕೂ ಮಾದರಿಯಾಗಿ ಕೂತವರು ಅಲ್ಲಿನ ಕನ್ನಡ ಮಹಿಳಾ ಮಂಡಳಿಯವರು. ಭಾಗೀರಥಿಗೆ ರುಚಿಯ ಪಾತ್ರ, ಅಂದರೆ ಕೋತಿಯ ಪಕ್ಕ. ಉದ್ಘಾಟನೆಯ ದಿನವೇ ಆಕೆ ಕೋತಿಯ ವಿಷಯದಲ್ಲಿ ದೊಡ್ಡ ರಂಪ ಮಾಡಿ, ಊಟ ಬಿಟ್ಟು ಎದ್ದು ಹೋಗಿದ್ದರಂತೆ.

"ಜಗಳ ಆಗಿತ್ತಂತಲ್ರಿ ಬಾಯಾರ?" ಎಂದು ಪ್ರಭಾಳೊಂದಿಗೆ ಅವರ ಮನೆಗೆ ಹೋದ ಮಾಪಣ್ಣ ಕೇಳಿದ.

"ಆಗಿತ್ತು. ಬೆಂಗಳೂರಲ್ಲಿ ನಮ್ಮತ್ತಿಗೆ ಫೋಟೋ ನೋಡಿ 'ಎಡಗಡೆ ಇರೋದು ನೀನಾ' ಅಂತ ಕೇಳಿದ್ರು. ನಿಮಗೆ ಹೇಗಾಗತ್ತೆ ಹೇಳಿ."

"ಅದಕ್ಕ ಚಿತ್ರ ತಗೊಂಡ್ ಹೋದ್ರೇನು?"

"ಇನ್‌ಸ್ಪೆಕ್ಟ್ರೇ, ಕದಿಯೋ ಹಾಗಿದ್ರೆ ನಾನು ಕೋತಿ ಕದೀತಿದ್ದೆ. ಅವರ ನಾಯಿ ತಗೊಂಡು ಏನು ಮಾಡಲಿ?"

ಮಾತು ಲಾಯರು ಆಡಿದ ಹಾಗಿತ್ತು. ಪ್ರಭಾ ಬರೆದುಕೊಂಡಳು. ಇಬ್ಬರೂ ಕಾಫಿ ಕುಡಿದು ಎದ್ದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಐರೋಲಿ. ಚಿತ್ರ ಬರೆದ ಶ್ರೀಕಂಠಯ್ಯ ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ನಿವೃತ್ತಿಯ ಮೇಲೆ ಸಮುದ್ರದ ಹಿನ್ನೀರಿನ ಖಾಡಿ ಕಾಣುವ ಫ್ಲಾಟಿನಲ್ಲಿ ಒಬ್ಬರೇ ಇದ್ದು, ಕ್ಯಾನ್ವಾಸಿನ ನಡುವೆ ಜಾಗ ಮಾಡಿಕೊಂಡು ಮಲಗುತ್ತಿದ್ದರು. ಶೆಟ್ಟರು ಪಂಚಪಾಂಡವರನ್ನು ಬರೆಯಿರಿ ಎಂದಿದ್ದಕ್ಕೆ, ಪಾಂಡವರು ಎಲ್ಲ ಹೋಟೆಲಲ್ಲೂ ಇದ್ದಾರೆ ಎಂದು ಪಂಚೇಂದ್ರಿಯಕ್ಕೆ ಒಪ್ಪಿಸಿದವರು ಅವರೇ.

"ಇದು ಬರೋಕ್ ಸಂಪ್ರದಾಯ ಸಾರ್. ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ಇದರದ್ದೇ ಹುಚ್ಚು," ಎಂದು ಮೇಷ್ಟ್ರು ಕುರ್ಚಿ ಹಾಕುವ ಮೊದಲೇ ಶುರುಮಾಡಿದರು. "ಕಣ್ಣು, ಕಿವಿ, ಮೂಗನ್ನ ಬರೆದ್ರೆ ಡಾಕ್ಟರ ಅಂಗಡಿ ಚಾರ್ಟ್ ಆಗತ್ತೆ. ಅದಕ್ಕೆ ಒಂದೊಂದು ಇಂದ್ರಿಯಕ್ಕೂ ಒಬ್ಬೊಬ್ಬ ಹೆಂಗಸು, ಒಂದೊಂದು ಪ್ರಾಣಿ. ದೃಷ್ಟಿಗೆ ಹದ್ದು, ಅದರಷ್ಟು ದೂರ ಯಾರಿಗೆ ಕಾಣತ್ತೆ. ರುಚಿಗೆ ಕೋತಿ, ಅದು ಆರಿಸಿ ತಿನ್ನತ್ತೆ. ಮೂಗಿಗೆ ನಾಯಿ. ಸ್ಪರ್ಶಕ್ಕೆ ಮಾತ್ರ ಯಾವಾಗ್ಲೂ ನೋವು, ಗಿಳಿಯೋ ಚೇಳೋ ಕಚ್ಚಿರತ್ತೆ. ನೋಡೋನು ಕಣ್ಣಲ್ಲೇ ಮೂಸಬೇಕು, ಕಣ್ಣಲ್ಲೇ ಮುಟ್ಟಬೇಕು. ಒಳಗೊಂದು ನೀತಿನೂ ಇರತ್ತೆ. ಹೂ ಬಾಡತ್ತೆ, ಹಣ್ಣು ಕೊಳೆಯತ್ತೆ, ಇದ್ದಾಗ ಸವಿ ಅಂತ ಒಂದು ಅರ್ಥ. ಜಾಸ್ತಿ ಸವಿಯಬೇಡ ಅಂತ ಇನ್ನೊಂದು."

"ಎರಡರಾಗ ಯಾವುದು ಖರೆ?"

"ಅದನ್ನ ಅವರೂ ಹೇಳಲಿಲ್ಲ. ದುಡ್ಡು ಕೊಟ್ಟೋರಿಗೆ ಮೊದಲನೇದು, ಪಾದ್ರಿಗೆ ಎರಡನೇದು."

"ಅಕ್ಷರಾನೂ ನೀವ ಬರದದ್ದಾ?"

ಮೇಷ್ಟ್ರ ಮುಖ ಹುಳಿಯಾಯಿತು. "ಛೆ. ಅದು ತುರ್ಭೆಯ ಬೋರ್ಡ್ ಪೇಂಟರದ್ದು. ಗಿರಾಕಿಗೆ ತಿಳೀಬೇಕು ಅಂತ ಶೆಟ್ರು ಹಠ. ನನಗೆ ಹೇಳದೆ ನನ್ನ ಕೆಲಸದ ಮೇಲೆ ಎನಾಮಲ್ ಬಳಿಸಿಬಿಟ್ರು."

"ಚಿತ್ರ ಯಾರ್ ಕದ್ದಿರಬಹುದು?"

"ನನಗೇನು ಗೊತ್ತು. ಬೆನ್ನುನೋವು ನೋಡಿ, ತಿಂಗಳಿಂದ ಬ್ರಷ್ ಮುಟ್ಟಿಲ್ಲ."

ಮಾಪಣ್ಣ ನಮಸ್ಕಾರ ಹೇಳಿ ಹೊರಬಿದ್ದ. ಸ್ಟೇಷನ್ ರಸ್ತೆಯವರೆಗೆ ಬಂದ ಮೇಲೆ ಪ್ರಭಾ ಬಾಯಿಬಿಟ್ಟಳು. ಅವರ ನಡುವಿನ ಮಾತೆಲ್ಲ ಮರಾಠಿಯದು, ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

"ಸರ್, ಆ ಮನೆಯಲ್ಲಿ ಹಸಿ ಬಣ್ಣದ ವಾಸನೆ ತಲೆ ಸಿಡಿಯುವ ಹಾಗಿತ್ತು. ಟರ್ಪೆಂಟೈನು. ಅಜ್ಜನ ಹೆಬ್ಬೆರಳಿನಲ್ಲಿ ಹಳದಿ ಕಲೆ ಬೇರೆ."

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

"ನಿಮಗೂ ಮೂಗಿದೆಯಲ್ಲ ಅಂದುಕೊಂಡೆ."

ಮಾಪಣ್ಣ ತನ್ನ ಕಟ್ಟಿದ ಮೂಗನ್ನು ಶಪಿಸಿದ. ಹಳದಿ ಎಂದರೆ ಅಕ್ಷರದ ಬಣ್ಣ. ಕದ್ದ ಮಾಲನ್ನು ಯಾರಾದರೂ ಬಚ್ಚಿಡುತ್ತಾರೆ, ಮಾರುತ್ತಾರೆ. ಕದ್ದು ತಂದು ಅಕ್ಷರ ತಿದ್ದುವವರು ಯಾರು? ಎರಡಕ್ಷರದ ಹೆಸರಿನಲ್ಲಿ ತಿದ್ದುವುದಕ್ಕೆ ಏನಿದೆ? ಹೀಗೆ ಯೋಚಿಸುತ್ತ ತಲೆಯೆತ್ತಿದರೆ ಎದುರಿನ ಕಾಂಪೌಂಡಿಗೆ ಬೆಳಗಿನ ಆಟದ ಸಿನಿಮಾದ ಪೋಸ್ಟರು ಅಂಟಿಸಿತ್ತು. ಒದ್ದೆ ಸೀರೆಯ ನಾಯಕಿ, ಮೀಸೆಯ ನಾಯಕ. ನಾಲ್ಕು ಮಾತಿನ ಹೆಸರಿನಲ್ಲಿ ಮೂರನೆಯದು ಕೆಂಪಕ್ಷರದಲ್ಲಿ ವಾಸನಾ.

ಮಾಪಣ್ಣ ನಿಂತೇಬಿಟ್ಟ. ಯೂನಿಫಾರ್ಮಿನ ಅಧಿಕಾರಿಯೊಬ್ಬ ಹಾಡುಹಗಲೇ ಆ ಪೋಸ್ಟರಿನ ಮುಂದೆ ಬಾಯಿಬಿಟ್ಟು ನಿಂತದ್ದನ್ನು ನೋಡಿ ತರಕಾರಿಯವರು ವ್ಯಾಪಾರ ನಿಲ್ಲಿಸಿದರು.

"ಸರ್, ಜನ ನೋಡುತ್ತಿದ್ದಾರೆ," ಎಂದು ಪ್ರಭಾ ಪಿಸುಗುಟ್ಟಿದಳು.

ಮಾಪಣ್ಣ ಪೋಸ್ಟರಿನಿಂದ ಕಣ್ಣು ಕೀಳದೆಯೇ ತುರ್ಭೆಯ ಬೋರ್ಡ್ ಪೇಂಟರಿಗೆ ಫೋನು ಹಚ್ಚಿದ.

"ಪಂಚಾಮೃತದ ಐದನೇ ಚಿತ್ರಕ್ಕೆ ಏನು ಬರೆದೆ?"

"ಸಾಹೇಬ್, ನನ್ನ ತಪ್ಪಿಲ್ಲ. ವಾಸನಾ ಅಂತಲೇ ಬರೆಯುವುದಾ ಎಂದು ಶೆಟ್ಟರನ್ನು ಎರಡೆರಡು ಸಲ ಕೇಳಿದೆ. ಹೌದು, ಎಲ್ಲರಿಗೂ ಕಾಣುವ ಹಾಗೆ ದೊಡ್ಡದಾಗಿ ಬರೆ ಅಂದರು."

ಮೊದಲ ದಿನದ ಮೊದಲ ಮಾತಿನಲ್ಲೇ ಶೆಟ್ಟರು ಇಡೀ ಪ್ರಕರಣವನ್ನು ಹೇಳಿ ಮುಗಿಸಿದ್ದರು. ಮಾಪಣ್ಣ ನಕ್ಕು, ತಿದ್ದಿ, ಎಫ್‌ಐಆರಿನಿಂದ ಅದನ್ನು ಒರೆಸಿ ಹಾಕಿದ್ದ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು. ಎರಡು ಭಾಷೆಯ ಜಂಬ ಅಲ್ಲೇ ಐರೋಲಿಯ ರಸ್ತೆಯಲ್ಲಿ ಇಳಿದುಹೋಯಿತು. ಕನ್ನಡ ಬಲ್ಲವರಿಗೆ ಆ ಬರಹ ಹೂವಿನ ಸಮಾಚಾರ. ಕನ್ನಡ ಓದಲು ಬಾರದೆ, ನಾಗರಿ ಮಾತ್ರ ಓದುತ್ತ ಬೆಳೆದವರಿಗೆ ಅದು ಬೇರೆ. ಆ ಮನೆಯಲ್ಲಿ ಅಂಥವರು, ಇಲ್ಲೇ ಹುಟ್ಟಿ ಇಲ್ಲಿನ ಶಾಲೆಗೆ ಹೋದವರು, ಒಬ್ಬರೇ. ಹೀರಾ ಅವರನ್ನು ಬುಧವಾರವೇ ತೋರಿಸಿತ್ತು.

ತಿರುಗಿ ಮೇಷ್ಟ್ರ ಮನೆಗೆ ಹೋದಾಗ ಬಾಗಿಲು ತೆರೆದವಳು ದಿಶಾ. ಆಫೀಸಿನ ಗುರುತಿನ ಚೀಟಿ ಕೊರಳಲ್ಲೇ ಇತ್ತು. ಒಳಗೆ ಮಂಚದ ಮೇಲೆ, ಬೆಡ್‌ಶೀಟಿನ ಮೇಲೆ, ಜಯಲತಾ ಕಣ್ಣು ಅರೆಮುಚ್ಚಿ ಮಲ್ಲಿಗೆ ಮೂಸುತ್ತಿದ್ದರು. ಕಾಲಬಳಿ ನಾಯಿ. ನಾಯಿಯ ಕೆಳಗೆ 'ವಾಸ'. ಅದರ ಪಕ್ಕದಲ್ಲಿ ಅಂಗೈಯಗಲ ಹಸಿ ಕಂದು ಬಣ್ಣ.

ಕನ್ನಡ ಅರ್ಥವಾಗುತ್ತಿತ್ತು ದಿಶಾಳಿಗೆ, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. ಅವಳು ಹೇಳಿದ್ದು ಇಷ್ಟು. ಹದಿನೈದು ದಿನದ ಹಿಂದೆ ಹಾಲಿನಲ್ಲಿ ಇಬ್ಬರು ಗಿರಾಕಿಗಳು ಚಿತ್ರ ತೋರಿಸಿಕೊಂಡು ನಗುತ್ತಿದ್ದರು. ಅಮ್ಮ ಅಲ್ಲೇ ನಿಂತಿದ್ದಳು. ಮೆಚ್ಚಿ ನಗುತ್ತಿದ್ದಾರೆಂದು ತಿಳಿದು ತಾನೂ ನಕ್ಕಳು, ಒಳಗಿನಿಂದ ಇನ್ನೊಂದು ವಡೆ ತರಿಸಿ ಹಾಕಿಸಿದಳು.

"ನನಗೆ ಸಹಿಸಲಿಕ್ಕಾಗಲಿಲ್ಲ," ಎಂದಳು. "ಹುಟ್ಟಿದ ಮೇಲೆ ಅವಳದ್ದು ಅಂತ ಇರೋದು ಅದೊಂದೇ ಚಿತ್ರ. ಅದರ ಕೆಳಗೆ ಆ ಶಬ್ದ."

"ಅಪ್ಪನಿಗೆ ಹೇಳಿದ್ದರೆ ಒಂದು ನಿಮಿಷದ ಕೆಲಸ," ಎಂದ ಮಾಪಣ್ಣ.

"ಅಪ್ಪ ಯಾಕೆ ಅಂತ ಕೇಳ್ತಾರೆ. ಯಾಕೆ ಅಂತ ನಾನು ಹೇಗೆ ಹೇಳಲಿ?" ಎಂದಳು ದಿಶಾ. "ಭಾನುವಾರ ನಾನು ಮದುವೆಯಾಗೋ ಅಮೇಯನ ಅಜ್ಜಿ ಬಂದು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಆಗ ಅಮ್ಮನಿಗೆ ಅರ್ಥ ಗೊತ್ತಾಗತ್ತೆ. ಮದುವೆ ನಿಂತರೂ ಪರವಾಗಿಲ್ಲ ಸರ್. ಅಮ್ಮನಿಗೆ ಮಾತ್ರ ಗೊತ್ತಾಗಬಾರದು. ನನ್ನನ್ನು ಅರೆಸ್ಟ್ ಮಾಡಿ. ಯಾಕೆ ಕದ್ದೆ ಅಂತ ಮಾತ್ರ ಬರೆಯಬೇಡಿ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಮಾಪಣ್ಣ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ. ನೆಗಡಿಯೆಂದು ತೋರಿಸಿಕೊಳ್ಳಲು ಕೆಮ್ಮಿದ. ಅಕ್ಕಲಕೋಟೆಯಲ್ಲಿ ಅವನ ಅವ್ವನದ್ದೂ ಒಂದೇ ಒಂದು ಫೋಟೋ ಇತ್ತು, ರೇಶನ್ ಕಾರ್ಡಿನದು.

ಆದರೆ ಕಾನೂನು ಕಾನೂನೇ. ಸಮಯ ಹನ್ನೊಂದೂ ಮುಕ್ಕಾಲು. ಪ್ರಭಾ ಮುಂದೆ ಬಂದು ದಿಶಾಳ ಹೆಗಲ ಮೇಲೆ ಕೈಯಿಟ್ಟಳು.

"ಬಂಧನ ಅಂದ್ರೆ ಮುಟ್ಟೋದಾ ಸಾರ್?" ಎಂದು ಮೇಷ್ಟ್ರು ಕುತೂಹಲದಿಂದ ಕೇಳಿದರು.

"ಹೌದ್ರಿ. ಕಾನೂನಿನಾಗ ಹಂಗ ಅದ."

"ನೋಡಿ, ನಾನು ಹೇಳಲಿಲ್ವಾ. ಸ್ಪರ್ಶಕ್ಕೆ ಯಾವಾಗ್ಲೂ ನೋವು."

"ಅಜ್ಜಾರ, ನಿಮ್ಮದೂ ಹೇಳಿಕಿ ತಗೋಬೇಕು. ಕದ್ದ ಮಾಲು ಮನಿಯಾಗ ಇಟ್ಕೊಂಡು ನನಗ ಪಾಠ ಮಾಡಿದ್ರಿ. ನಡೀರಿ ಜೀಪಿಗೆ."

ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿ ಗುರುತು ಹಚ್ಚುವ ಪಂಚನಾಮೆ. ಕಳ್ಳಿ ತಮ್ಮ ಮಗಳೇ ಎಂದು ಕೇಳಿ ಶೆಟ್ಟರು ಬೆಂಚಿನ ಮೇಲೆ ಕುಸಿದರು. "ಸ್ವಂತ ಹೋಟೆಲಿನ ಚಿತ್ರ ಕದಿಯುದಾ? ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?" ಎಂದು ಐದಾರು ಸಲ ಕೇಳಿದರು. ಉತ್ತರ ಗೊತ್ತಿದ್ದವರೆಲ್ಲ ಛಾವಣಿ ನೋಡಿದರು. ಕಡೆಗೆ ಮಾಪಣ್ಣ ಅವರನ್ನು ವಕೀಲರನ್ನು ಕರೆತರಲು ಕಳಿಸಿ, ಜಯಲತಾ ಮುಂದೆ ಚಿತ್ರ ಬಿಚ್ಚಿಟ್ಟ.

"ಇದು ನಿಮ್ಮದ ಏನ್ರಿ ಬಾಯಾರ?"

ಜಯಲತಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಹೂ ನೋಡಿದರು, ನಾಯಿ ನೋಡಿದರು, ಕೆಳಗೆ ನೋಡಿದರು.

"ಅಲ್ಲ," ಎಂದರು.

"ಅಲ್ಲೇನ್ರಿ? ಮುಖ ನಿಮ್ಮದದ."

"ಮುಖ ನಂದು. ಚಿತ್ರ ನಂದಲ್ಲ. ಒಂದಕ್ಷರ ಕಮ್ಮಿ ಉಂಟು."

ಠೋಂಬ್ರೆಯ ಪೆನ್ನು ನಿಂತಿತು. ಮಾಪಣ್ಣ ಎಫ್‌ಐಆರ್ ತೆಗೆದು ತೋರಿಸಿದ. "ಇದರಾಗ ವಾಸ ಅಂತ ಅದ್ರಿ. ಚಿತ್ರದಾಗೂ ವಾಸ ಅಂತ ಅದ. ಬರಾಬರ್ ಕೂಡ್ತದ."

"ಅದು ನೀವು ತಿದ್ದಿದ್ದು ಅಲ್ವಾ? ನಾನು ಮೊದಲ ದಿನವೇ ಹೇಳಿದ್ದೆ, ಅಕ್ಷರ ಎಲ್ಲ ಸಮೇತ ಸಿಗ್ಬೇಕು ಅಂತ. ವಾಸನಾ ಅಂತ ಇತ್ತು. ಆ ನಾ ಎಲ್ಲಿ?"

"ಆಯೀ," ಎಂದು ಮರಾಠಿಯಲ್ಲೇ ಅಮ್ಮನನ್ನು ಕರೆದಳು ದಿಶಾ.

"ನಂಗೆ ಗೊತ್ತಿಲ್ಲ ಅಂತ ಎಣಿಸಿದ್ದಾ ನೀನು? ಮೂವತ್ತು ವರ್ಷ ಈ ಊರಲ್ಲಿ ಮೀನು, ತರಕಾರಿ ಚೌಕಾಸಿ ಮಾಡಿದ್ದೇನೆ. ಅದೂ ಅಲ್ಲದೆ ಪಾತ್ರೆ ತೊಳೆಯುವ ಚಂದ್ರಬಾಯಿ ಮೊದಲ ದಿನವೇ ಬಾಯಿಗೆ ಸೆರಗು ಹಿಡ್ಕೊಂಡು ಬಂದು ಹೇಳಿ ಹೋದಳು." ಜಯಲತಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಅವತ್ತು ನಾಚಿಕೆ ಆಯ್ತು. ಮರುದಿನ ಸ್ವಲ್ಪ ಕಮ್ಮಿ ಆಯ್ತು. ಅದರ ಮರುದಿನ ನಿನ್ನ ಅಪ್ಪ ಗಲ್ಲೆ ಬಿಟ್ಟು 'ಈಗ ಬಂದೆ' ಅಂತ ಎದ್ದು ಹೋಗಿ ಆ ಚಿತ್ರ ನೋಡ್ತಾ ನಿಂತ್ರು. ಊಟದ ರಶ್ಶಿನ ಹೊತ್ತಲ್ಲಿ. ಮದುವೆ ದಿನವೂ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ."

"ಶೆಟ್ರಿಗೆ ಆ ಶಬ್ದದ ಅರ್ಥ ಗೊತ್ತದೇನ್ರಿ?"

"ಇಲ್ಲ. ಅವರಿಗೆ ಮಲ್ಲಿಗೆ ವಾಸನೆ ಅಂತ್ಲೇ. ಆದ್ರೂ ಎದ್ದು ಹೋದ್ರಲ್ಲ." ಅವರು ಕಂದು ಬಣ್ಣದ ತೇಪೆಯ ಹತ್ತಿರ, ಮುಟ್ಟದಂತೆ, ಬೆರಳು ಹಿಡಿದರು. "ಸಾರ್, ಕನ್ನಡದಲ್ಲಿ ನಾ ಅಂದ್ರೆ ನಾನು ಅಲ್ವಾ? ಹಿಟ್ಟು ರುಬ್ಬಿ, ಆವಿ ಹೊಡೆಸಿಕೊಂಡು, ಎಲ್ಲದರಿಂದಲೂ ಅದನ್ನು ಅಳಿಸಿ ಅಳಿಸಿಯೇ ಇಷ್ಟು ವರ್ಷ ಹೋಯ್ತು. ಇದೊಂದರಲ್ಲಿ ಇರ್ಲಿ. ತಪ್ಪು ಶಬ್ದವಾದರೂ ಅಡ್ಡಿಯಿಲ್ಲ."

ಠಾಣೆಯಲ್ಲಿ ಯಾರೂ ನಗಲಿಲ್ಲ. ದಿಶಾ ಎದ್ದು ಹೋಗಿ ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು. ಬಂಧಿತರು ಜಾಗ ಬಿಟ್ಟೇಳಬಾರದು ಎಂದು ಪ್ರಭಾ ಹೇಳಬೇಕಿತ್ತು. ಅವಳೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಬೇಲಾಪುರದ ಕೋರ್ಟಿನಲ್ಲಿ ನಾಲ್ಕು ಗಂಟೆಗೆ ಜಾಮೀನಾಯಿತು. ಜಾಮೀನುದಾರರು ಸರ್ವೋತ್ತಮ ಶೆಟ್ಟರು. ಫಿರ್ಯಾದಿಯೇ ಆರೋಪಿಗೆ ಜಾಮೀನು ನಿಂತದ್ದನ್ನು ನೋಡಿ ಮ್ಯಾಜಿಸ್ಟ್ರೇಟರು ಎರಡು ಸಲ ಹೆಸರು ಓದಿಸಿದರು. ಶೆಟ್ಟರ ಹೋಟೆಲಿಗೆ ಸೇರಿದ ಚಿತ್ರ ಅಂದೇ ಅವರ ವಶಕ್ಕೆ ಹೋಯಿತು. ತಪ್ಪು ತಿಳಿವಳಿಕೆಯಿಂದ ಆದ ದೂರು ಎಂದು ವರದಿ ಹಾಕಿ ಪ್ರಕರಣ ಮುಚ್ಚಬಹುದೆಂದು ಮಾಪಣ್ಣ ಮೇಲಿನವರಿಗೆ ಬರೆದ. ಕಳವಿನ ಉದ್ದೇಶ ಎಂಬಲ್ಲಿ ಬಹಳ ಹೊತ್ತು ಪೆನ್ನು ಕಚ್ಚಿ ಕೂತು, ಕೊನೆಗೆ ಹೀಗೆ ಬರೆದ: "ಆರೋಪಿಗೆ ತಾಯಿಯ ಮರ್ಯಾದೆಯ ಚಿಂತೆ ಇತ್ತು. ತಾಯಿಗೆ ಆ ಚಿಂತೆ ಇರಲಿಲ್ಲ ಎಂಬುದು ತನಿಖೆಯಿಂದ ತಿಳಿದುಬಂತು."

ಭಾನುವಾರ ಊಟಕ್ಕೆ ಮಾಪಣ್ಣನಿಗೂ ಪ್ರಭಾಳಿಗೂ ಕರೆ ಇತ್ತು. ಐದೂ ಚಿತ್ರ ಗೋಡೆಯ ಮೇಲಿದ್ದವು. ಮೇಷ್ಟ್ರು ಶನಿವಾರವೆಲ್ಲ ಕೂತು ಅಳಿಸಿದ ಅಕ್ಷರವನ್ನು ತಿರುಗಿ ಬರೆದಿದ್ದರು. ಈ ಸಲ ಬೋರ್ಡ್ ಪೇಂಟರಿಗಿಂತ ಚೆನ್ನಾಗಿ ಬಂದಿದೆ ಎಂದು ಅವರಿಗೆ ಸಮಾಧಾನ. ಮಗಳ ಮುಖ ನೋಡಿ ಜಯಲತಾ ಒಂದೇ ಒಂದು ರಿಯಾಯಿತಿ ಕೊಟ್ಟಿದ್ದರು: ಅತಿಥಿಗಳು ಹೋಗುವವರೆಗೆ ಆ ಅಕ್ಷರದ ಮೇಲೆ ಬರುವ ಹಾಗೆ ಒಂದು ಮೊಳ ಮಲ್ಲಿಗೆ. ಶೆಟ್ಟರು ಗಲ್ಲೆಯಿಂದ ಎರಡು ಸಲ ಎದ್ದು ಬಂದು ಹೂ ಸರಿಯಾಗಿದೆಯೇ ಎಂದು ನೋಡಿ ಹೋದರು. ಹೂವಿಗೆ ಏನೂ ಆಗಿರಲಿಲ್ಲ.

ಪರಾಂಜಪೆ ಅಜ್ಜಿ ಕೋಲೂರಿಕೊಂಡು ಬಂದು, ಕೂರುವ ಮೊದಲೇ ಗೋಡೆ ಓದಲು ಶುರುಮಾಡಿದರು. "ದೃಷ್ಟಿ," ಎಂದರು. "ಶಬ್ದ." ದಿಶಾ ಅಮೇಯನ ಕೈ ಹಿಡಿದುಕೊಂಡಳು. ಮಾಪಣ್ಣನ ಕೈಯಲ್ಲಿದ್ದ ಜಹಾಂಗೀರು ಅಲ್ಲೇ ನಿಂತಿತು. ಅವನ ಮೂಗು ಅಂದೇ ಬೆಳಿಗ್ಗೆ ಬಿಟ್ಟಿತ್ತು. ಹಾಲಿನ ತುಂಬ ಮಲ್ಲಿಗೆ ಘಮಘಮಿಸುತ್ತಿತ್ತು.

"ವಾಸ," ಎಂದರು ಅಜ್ಜಿ. ಮುಂದಕ್ಕೆ ಹೋಗಲಿಲ್ಲ. ಕತ್ತು ಓರೆ ಮಾಡಿ ಅಕ್ಷರದ ಮೇಲಿನ ಗೆರೆ ಹೂವಿನೊಳಕ್ಕೆ ಹೋಗುವುದನ್ನು ನೋಡಿದರು. ಕೋಲಿನ ತುದಿಯಿಂದ ಮಲ್ಲಿಗೆಯನ್ನು ಮೆಲ್ಲಗೆ ಎತ್ತಿದರು. ಮನಸ್ಸಿನಲ್ಲೇ ಓದಿಕೊಂಡರು. ಚಿತ್ರದ ಜಯಲತಾರನ್ನು ನೋಡಿ, ತಿರುಗಿ, ಪಾಯಸದ ಪಾತ್ರೆ ಹಿಡಿದು ನಿಂತಿದ್ದ ಜಯಲತಾರನ್ನು ನೋಡಿದರು. ಇಬ್ಬರು ಹೆಂಗಸರೂ ಕಣ್ಣು ತಗ್ಗಿಸಲಿಲ್ಲ.

ಅಜ್ಜಿ ಹೂವನ್ನು ಇದ್ದಲ್ಲೇ ಬಿಟ್ಟರು.

"ಶುದ್ಧಲೇಖನ ಬರೋಬರ್ ಆಹೇ," ಎಂದರು. ಕಾಗುಣಿತ ಸರಿಯಾಗಿದೆ, ಎಂದು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ತಮಗೆ ಪಾಯಸ ಸ್ವಲ್ಪ ಹೆಚ್ಚೇ ಬಡಿಸುವಂತೆ ಹೇಳಿದರು.